ಬಿದ್ದವರಿಗೆ ಹೇಳುವ ಮಾತು

ಸ್ನಾನದ ಮನೆಯ ಚಿಲಕವನ್ನು ಅಪ್ಪನೇ ಬಿಚ್ಚಿ ತೆಗೆದಿದ್ದ. ಬಾಗಿಲನ್ನು ಎಳೆದುಕೊಳ್ಳಬಹುದು, ಹಾಕಿಕೊಳ್ಳುವಂತಿಲ್ಲ. ಒಳಗೆ ಹೋದ ಹುಡುಗಿ ಹೊರಗೆ ಬರುವವರೆಗೂ ಬಾಯಿ ಆಡಿಸುತ್ತಲೇ ಇರಬೇಕು ಎಂಬುದು ಮನೆಯ ಹೊಸ ಕಾನೂನು. ಹಾಡು ಹೇಳು ಎಂದರೆ ಅವಳಿಗೆ ನಾಚಿಕೆ, ಹಾಗಾಗಿ ಮಗ್ಗಿ ಹೇಳುತ್ತಿದ್ದಳು. ಹೊರಗೆ ಬಾಗಿಲ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಅಜ್ಜಿಯ ಕಾವಲು. ನೀರಿನ ಸದ್ದಿನ ನಡುವೆ ಹದಿಮೂರರ ಮಗ್ಗಿ ಕೇಳುತ್ತಿದ್ದರೆ ಮುದುಕಿಗೆ ಸಮಾಧಾನ. ಮಗ್ಗಿ ನಿಂತರೆ ಬಾಗಿಲ ಮೇಲೆ ಬಡಿತ.

"ಹದಿಮೂರೆಂಟ್ಲೆ ಎಷ್ಟೇ?"

"ನೂರನಾಲ್ಕು ಅಜ್ಜಿ. ಬಾಯಿಗೆ ಸೋಪು ಹೋಗಿತ್ತು."

"ಸೋಪು ಹೋದ್ರೆ ಹೋಗ್ಲಿ, ಸದ್ದು ನಿಲ್ಲಿಸ್ಬೇಡ. ನನ್ನ ಜೀವ ಹೋಗುತ್ತೆ."

ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಾ ನಿಂತಿದ್ದ ತಾಯಿಗೆ ನಗು ಬರಬೇಕಿತ್ತು. ಬರಲಿಲ್ಲ. ನಗುವುದಕ್ಕೂ ಸ್ವಲ್ಪ ನಿದ್ದೆ ಆಗಿರಬೇಕು. ಬೀದಿಗೆಲ್ಲ ಅವಳು ಟೈಲರಮ್ಮ. ದೊಡ್ಡ ರಸ್ತೆಯ ಅಂಗಡಿಯೊಂದಕ್ಕೆ ಶಾಲಾಮಕ್ಕಳ ಸಮವಸ್ತ್ರ ಹೊಲಿದುಕೊಡುವುದು ಅವಳ ಕೆಲಸ. ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುವ ಪೇಂಟರ್. ಎಷ್ಟು ತಿಕ್ಕಿ ತೊಳೆದರೂ ಅವನ ಕಿವಿಯ ಹಿಂದೆ ಯಾವುದೋ ಮನೆಯ ಗೋಡೆ ಉಳಿದುಕೊಂಡಿರುತ್ತಿತ್ತು. ಇರುವವಳು ಒಬ್ಬಳೇ ಮಗಳು, ಹದಿನಾರರ ಹುಡುಗಿ. ಮೈದಾನದಲ್ಲಿ ಅವಳ ಓಟ ನೋಡಿ ಯಾರೋ ಚಿಗರೆ ಎಂದರು, ಮನೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತು.

ಆ ಚಿಗರೆ ಈಚೆಗೆ ಎರಡು ಸಲ ಮೈದಾನದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಅವಳದು ಎಂಟುನೂರು ಮೀಟರ್ ಓಟ, ಮೈದಾನಕ್ಕೆ ಎರಡು ಸುತ್ತು. ಮೊದಲನೆಯ ಸಲ ಬೆಳಗಿನ ಅಭ್ಯಾಸದಲ್ಲಿ ಬಿದ್ದಾಗ ಎಲ್ಲರೂ ಖಾಲಿ ಹೊಟ್ಟೆ ಎಂದರು. ಎರಡನೆಯ ಸಲ ಅಪ್ಪ ಜೊತೆಗಿದ್ದ. ಸಂಜೆ ಮಗಳನ್ನು ಆಟೋದಲ್ಲಿ ಕರೆದುಕೊಂಡು ಬಂದು, "ಬಿದ್ದಳು ನಿಜ. ಆದ್ರೆ ಓಟ ಮುಗಿಸಿ, ಗೆರೆ ದಾಟಿ ಬಿದ್ದಳು. ಹುಲಿ ಕಣೇ ಇವಳು," ಎಂದ. ಆ ಗೆರೆ ಎಳೆದವನೂ ಅವನೇ. ವರ್ಷಕ್ಕೊಮ್ಮೆ ಮೈದಾನಕ್ಕೆ ಬಿಳಿ ಗೆರೆ ಹಾಕಿಕೊಡುವುದು ಅವನ ಪುಕ್ಕಟೆ ಸೇವೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವನಿಗಂತೂ ಚಿಗರೆ.

ಆಮೇಲೆ ಆಸ್ಪತ್ರೆ, ಅಪ್ಪ ಅಮ್ಮ ಇಬ್ಬರ ಜೊತೆ. ಡಾಕ್ಟರಮ್ಮ ರಕ್ತ ತೆಗೆಸಿದರು, ಎದೆಗೆ ತಂತಿಗಳನ್ನು ಅಂಟಿಸಿ ಮಲಗಿಸಿ ಇಸಿಜಿ ಪಟ್ಟಿ ತೆಗೆದರು. ಎಲ್ಲಾ ಸರಿಯಾಗಿತ್ತು. ಕೊನೆಗೆ ಪೆನ್ನು ಕೆಳಗಿಟ್ಟು ಹುಡುಗಿಯ ಮುಖ ನೋಡಿ ಕೇಳಿದರು.

"ಓಡ್ತಾ ಇದ್ದಾಗಲೇ ಬಿದ್ದೆಯೋ, ಓಡಿ ಮುಗಿಸಿದ ಮೇಲೆ ಬಿದ್ದೆಯೋ? ಚೆನ್ನಾಗಿ ನೆನಪು ಮಾಡ್ಕೊಂಡು ಹೇಳು."

"ಮುಗಿಸಿದ ಮೇಲೆ. ಎರಡು ಸಲವೂ ಗೆರೆ ದಾಟಿದ್ದೆ."

ಡಾಕ್ಟರಮ್ಮನ ಭುಜ ಸ್ವಲ್ಪ ಸಡಿಲವಾಯಿತು. ಓಡಿ ಗಕ್ಕನೆ ನಿಂತರೆ ರಕ್ತವೆಲ್ಲ ಕಾಲಿಗಿಳಿದು ತಲೆ ತಿರುಗುವುದುಂಟು, ನಿಲ್ಲಬೇಡ, ನಡೆ, ಉಪ್ಪು ಸಕ್ಕರೆ ಹಾಕಿ ನೀರು ಕುಡಿ ಎಂದು ಹೇಳಿ ಕಳಿಸಿದರು. ಮತ್ತೆ ಬಿದ್ದರೆ ಮಾತ್ರ ತಪ್ಪದೆ ಬರಬೇಕು ಎಂದರು.

ಹೆಸರಿಲ್ಲದ ಕಾಯಿಲೆಗೆ ಮನೆಗೊಬ್ಬ ವೈದ್ಯ. ಅಜ್ಜಿಯ ಪ್ರಕಾರ ಹುಡುಗಿಗೆ ತಿನ್ನಲು ಸಾಲದು, ಹಾಗಾಗಿ ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಖರ್ಜೂರ, ಮಲಗುವ ಮುಂಚೆ ಹಾಲು. ಅಪ್ಪನ ಪ್ರಕಾರ ಬಿಸಿಲು. ಅವನೊಂದು ಟೋಪಿ ತಂದ. ಪಕ್ಕದ ಮನೆಯವಳು ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿಯಿರಿ ಎಂದಳು. ಟೈಲರಮ್ಮನಿಗೆ ಮಾತ್ರ ಯಾವ ಮದ್ದೂ ಹೊಳೆಯಲಿಲ್ಲ. ಅವಳಿಗೆ ಹೊಳೆದದ್ದು ಕಾಯುವುದೊಂದೇ. ಮಗಳು ಒಲೆಯ ಹತ್ತಿರ ಹೋಗಬಾರದು, ತಾರಸಿ ಮೆಟ್ಟಿಲು ಹತ್ತಬಾರದು, ರಸ್ತೆ ದಾಟುವಾಗ ಜೊತೆಗೊಬ್ಬರು ಇರಬೇಕು. ಹಾಗಾಗಿ ಮೇಲೆ ಬಟ್ಟೆ ಒಣಹಾಕುವ ಕೆಲಸ ತಾಯಿಗೆ ಬಂತು, ತರಕಾರಿ ತರುವುದು ಅಪ್ಪನಿಗೆ, ಪಾತ್ರೆ ಅಜ್ಜಿಗೆ. ಚಿಗರೆಗೆ ಉಳಿದದ್ದು ಕೂತು ತಿನ್ನುವುದು.

"ನಾನೇನು ಗಾಜಿನ ಲೋಟವಾ?" ಎಂದಳು ಒಂದು ದಿನ, ತಟ್ಟೆ ದೂಡಿ. "ಈ ಮೊಟ್ಟೆ ಇನ್ನು ನಂಗೆ ಬೇಡ. ವಾಸನೆ ಬಂದ್ರೆ ಹೊಟ್ಟೆ ತೊಳಸುತ್ತೆ."

"ತಿನ್ನದೇ ಇದ್ದಿದ್ದಕ್ಕೇ ಬಿದ್ದಿದ್ದು," ಎಂದಳು ಅಜ್ಜಿ.

"ತಿಂದು ಓಡಿದ್ರೆ ಎರಡನೇ ಸುತ್ತಲ್ಲಿ ವಾಂತಿ ಬರುತ್ತೆ. ಓಡೋದು ನೀನಾ ನಾನಾ?"

"ಅಜ್ಜಿ ಹತ್ರ ಹಂಗೆ ಮಾತಾಡ್ಬೇಡ," ಎಂದಳು ಟೈಲರಮ್ಮ.

"ನಿನ್ನ ಹತ್ರ ಆಡ್ಲಾ? ರಾತ್ರಿಯೆಲ್ಲಾ ನನ್ನ ಕಾಲ ಮೇಲೆ ಕೈ ಇಟ್ಕೊಂಡು ಮಲಗ್ತೀಯ. ನಾನು ಮಗ್ಗಲು ಬದಲಿಸಿದ್ರೆ ಎದ್ದು ಕೂರ್ತೀಯ. ನಂಗೂ ನಿದ್ದೆ ಇಲ್ಲ, ನಿಂಗೂ ಇಲ್ಲ."

ಅದು ಸುಳ್ಳಲ್ಲ. ಟೈಲರಮ್ಮ ಆ ವಾರ ಅಂಗಿಗೆ ಎಡದ ತೋಳನ್ನು ಬಲಕ್ಕೆ ಹಚ್ಚಿಬಿಟ್ಟಿದ್ದಳು, ಅದೂ ಒಂದಕ್ಕಲ್ಲ, ಕಟ್ಟಿನ ಅಷ್ಟೂ ಅಂಗಿಗಳಿಗೆ. ಅಂಗಡಿಯವನು ಗದರಲಿಲ್ಲ. "ಮನೇಲಿ ಎಲ್ಲಾ ಸರಿ ಇದೆಯಾ ಟೈಲರಮ್ಮ?" ಎಂದು ಕೇಳಿದ. ಗದರಿದ್ದರೇ ವಾಸಿಯಿತ್ತು. ಹೊಲಿಗೆ ಬಿಚ್ಚುತ್ತಾ ಕೂತ ಅವಳಿಗೆ ಮೊದಲ ಬಾರಿಗೆ ಒಂದು ಯೋಚನೆ ಬಂತು: ಈ ಹುಡುಗಿ ಓಡುವುದನ್ನು ಬಿಟ್ಟರೆ ಸಾಕಪ್ಪ, ನಾನೊಂದು ರಾತ್ರಿ ಮಲಗುತ್ತೇನೆ. ಬಂದ ಯೋಚನೆಯನ್ನು ಅಷ್ಟೇ ಬೇಗ ನುಂಗಿಕೊಂಡಳು. ಮುಂದಿನ ತಿಂಗಳು ಕ್ರೀಡಾ ಹಾಸ್ಟೆಲಿನ ಆಯ್ಕೆ. ಅಲ್ಲಿ ಸೇರಿದರೆ ಊಟ, ಓದು, ಬೂಟು ಎಲ್ಲಾ ಅವರದೇ. ಅದಕ್ಕಿಂತ ಹೆಚ್ಚಾಗಿ, ಚಿಗರೆ ಬೇರೆ ಯಾವುದನ್ನೂ ಕೇಳಿ ಹುಟ್ಟಿದವಳಲ್ಲ. ಎಂಟು ವರ್ಷದವಳಿದ್ದಾಗಿನಿಂದ ಅವಳು ಬಾಯಿಬಿಟ್ಟು ಬೇಡಿದ್ದು ಇದೊಂದೇ.

ಮಗಳು ಮೈದಾನಕ್ಕೆ ಹೋಗುವಾಗ ಅಪ್ಪನೇ ಜೊತೆಗೆ ಹೋಗುತ್ತಿದ್ದ. ಆ ವಾರ ಅವನಿಗೆ ಊರಾಚೆ ಹೊಸ ಕಟ್ಟಡದ ಕೆಲಸ, ಬೆಳಕು ಹರಿಯುವ ಮುಂಚೆ ಬೊಂಬು ಕಟ್ಟಿದ ಸಾರುವೆ ಏರಿರಬೇಕು. "ಒಂದು ವಾರ ನೀನು ಹೋಗು," ಎಂದ.

"ನನ್ನ ಹೊಲಿಗೆ ಯಾರು ಹೊಲೀತಾರೆ?"

"ಗುಂಡಿ ಹಾಕೋದನ್ನ ಅಲ್ಲೇ ಕೂತು ಹಾಕು."

ಹಾಗೆ ಟೈಲರಮ್ಮ ಒಂದು ಚೀಲ ಅಂಗಿ ಹೊತ್ತುಕೊಂಡು ಮೈದಾನಕ್ಕೆ ಹೋದಳು. ಮಗಳು ಓಡುವುದನ್ನು ಅವಳು ನೆಟ್ಟಗೆ ನೋಡಿಯೇ ಇರಲಿಲ್ಲ. ಪ್ರಶಸ್ತಿ ಕೊಡುವಾಗ ಹೋಗಿದ್ದಳು, ಓಡುವಾಗ ಯಾವತ್ತೂ ಯಂತ್ರದ ಮುಂದೆ ಇರುತ್ತಿದ್ದಳು. ಮೊದಲೆರಡು ದಿನ ಮೆಟ್ಟಿಲ ಮೇಲೆ ಕೂತು ಗುಂಡಿ ಹಾಕುವುದನ್ನೇ ಮರೆತಳು. ಮನೆಯಲ್ಲಿ ಕೈಕಾಲು ಎಲ್ಲೆಂದರಲ್ಲಿ ಚೆಲ್ಲಿಕೊಂಡು ಮಲಗುವ ಹುಡುಗಿ ಇವಳೇನಾ ಅನ್ನಿಸಿತು. ಪಾದ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತಹ ಓಟ. ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಅಕ್ಕಪಕ್ಕ ಯಾರಾದರೂ ಇದ್ದರೆ ನನ್ನ ಮಗಳು ಎಂದು ಹೇಳಿಬಿಡುತ್ತಿದ್ದಳು.

ಆ ಮೈದಾನದಲ್ಲಿ ಒಂದು ರೂಢಿಯಿತ್ತು. ಮೊದಲ ದಿನವೇ ಅವಳ ಕಣ್ಣಿಗೆ ಬಿತ್ತು. ಹುಡುಗನೊಬ್ಬ ಕಾಲು ಸೆಳೆತ ಬಂದು ಅರ್ಧ ದಾರಿಯಲ್ಲಿ ಉರುಳಿದ. ಸುತ್ತಲಿದ್ದವರೆಲ್ಲ, "ಗೆರೆ ದಾಟಿದೆ ಬಿಡೋ, ದಾಟಿದೆ," ಎಂದು ಕೂಗಿದರು. ಬಿದ್ದವನೇ ಕಾಲು ಹಿಡಿದುಕೊಂಡು ನಕ್ಕ. ತಾನು ದಾಟಿಲ್ಲ ಎಂದು ಅವನಿಗೂ ಗೊತ್ತು, ಕೂಗಿದವರಿಗೂ ಗೊತ್ತು. ಅಳುವವರನ್ನು ನಗಿಸುವ ಒಂದು ಮಾತು, ಅಷ್ಟೇ. ಒಳ್ಳೆ ಹುಡುಗರು ಎಂದುಕೊಂಡಳು ಟೈಲರಮ್ಮ.

ಮೂರನೆಯ ದಿನ ಮೇಷ್ಟ್ರು, ಅಂದರೆ ಓಟ ಕಲಿಸುವ ಕೋಚ್, ಎರಡೂ ಸುತ್ತನ್ನು ಪೂರಾ ವೇಗದಲ್ಲಿ ಓಡಿಸಿದರು. ಮೊದಲ ಸುತ್ತು ಚಿಗರೆ ಎಲ್ಲರಿಗಿಂತ ಮುಂದಿದ್ದಳು. ಎರಡನೆಯ ಸುತ್ತಿನಲ್ಲಿ ಕೊನೆಯ ತಿರುವಿಗೆ ಬಂದಳು. ಅಲ್ಲಿಂದ ಗೆರೆಗೆ ಇನ್ನೂ ನೆಟ್ಟನೆಯ ದಾರಿ ಪೂರ್ತಿ ಬಾಕಿಯಿತ್ತು. ಟೈಲರಮ್ಮ ನೋಡುತ್ತಿದ್ದಂತೆಯೇ ಅವಳು ಹ್ಯಾಂಗರಿನಿಂದ ಜಾರಿದ ಅಂಗಿಯ ಹಾಗೆ ಕೆಳಗೆ ಬಿದ್ದಳು. ಎಡವಲಿಲ್ಲ, ನಿಧಾನಿಸಲಿಲ್ಲ, ಕೈ ಊರಿಕೊಳ್ಳಲೂ ಇಲ್ಲ.

ತಾಯಿ ಓಡಿದಳು. ಚೀಲದ ಅಂಗಿಗಳು ಮೆಟ್ಟಿಲಿನ ತುಂಬಾ ಚೆಲ್ಲಿದವು. ಅವಳು ತಲುಪುವಷ್ಟರಲ್ಲಿ ಮೇಷ್ಟ್ರು ಹುಡುಗಿಯನ್ನು ಅಂಗಾತ ಮಾಡಿ ಕಾಲು ಮೇಲೆತ್ತಿ ಹಿಡಿದಿದ್ದರು. ಮುಖ ಸುಣ್ಣದಂತಾಗಿತ್ತು, ಗಲ್ಲ ತರಚಿ ರಕ್ತ ಒಸರುತ್ತಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ತಾಯಿಯನ್ನು ನೋಡಲಿಲ್ಲ, ಮೇಷ್ಟ್ರನ್ನು ಹುಡುಕಿದಳು.

"ದಾಟಿದ್ನಾ ಸಾರ್?"

"ದಾಟಿದೆ ಬಿಡು," ಎಂದರು ಮೇಷ್ಟ್ರು, ಅವಳ ಹಣೆ ಒರೆಸುತ್ತಾ. "ಒಳ್ಳೆ ಟೈಮಿಂಗು. ಈಗ ಮಾತಾಡ್ಬೇಡ."

ಹುಡುಗಿ ನಗಲಿಲ್ಲ. ನಂಬಿ ಕಣ್ಣು ಮುಚ್ಚಿಕೊಂಡಳು. ಟೈಲರಮ್ಮ ತಲೆಯೆತ್ತಿ ಗೆರೆ ಎಲ್ಲಿದೆ ಎಂದು ನೋಡಿದಳು. ದೂರದಲ್ಲಿತ್ತು.

ಮಗಳನ್ನು ನೆರಳಿಗೆ ಕೂರಿಸಿ, ಮೇಷ್ಟ್ರನ್ನು ಪಕ್ಕಕ್ಕೆ ಕರೆದಳು.

"ಹೋದ ಸಲಗಳಲ್ಲೂ ಹಿಂಗೇನಾ ಸಾರ್? ಗೆರೆಗೆ ಮುಂಚೇನೇ ಬಿದ್ದಿದ್ದಾ?"

ಅವರು ಕೊರಳಲ್ಲಿದ್ದ ಗಡಿಯಾರವನ್ನು ಹಿಡಿದುಕೊಂಡು ನಿಂತರು. ಕೆಟ್ಟ ಮನುಷ್ಯನಲ್ಲ. ತನ್ನ ತಿಂಡಿಯನ್ನು ಹುಡುಗರಿಗೆ ಹಂಚಿ ಖಾಲಿ ಡಬ್ಬಿ ಮನೆಗೆ ಒಯ್ಯುವವರು ಎಂದು ಮಗಳೇ ಹೇಳಿದ್ದಳು.

"ಹೌದಮ್ಮ. ಇಲ್ಲಿ ಬಿದ್ದೋರಿಗೆಲ್ಲ ಹಂಗೇ ಹೇಳೋದು. ಮನಸ್ಸು ಮುರೀಬಾರ್ದು ಅಂತ."

"ಬೇರೆಯವರಿಗೆ ತಾವು ಬಿದ್ದಿದ್ದು ಗೊತ್ತಿರುತ್ತೆ ಸಾರ್. ಇವಳಿಗೆ ನೆನಪೇ ಇರಲ್ಲ. ನೀವು ಹೇಳಿದ್ದನ್ನ ಹಂಗೇ ತಗೊಂಡು ಹೋಗಿ ಡಾಕ್ಟರ್ ಹತ್ರ ಹೇಳಿದ್ದಾಳೆ."

"ಡಾಕ್ಟರು ಅದನ್ನ ಕೇಳಿದ್ರಾ?" ಎಂದರು ಮೇಷ್ಟ್ರು.

"ಅದನ್ನೇ ಕೇಳಿದ್ರು. ಚೆನ್ನಾಗಿ ನೆನಪು ಮಾಡ್ಕೊಂಡು ಹೇಳು ಅಂದ್ರು."

ಅವತ್ತು ಸಂಜೆ ಊಟಕ್ಕೆ ಬೇಳೆ, ಅನ್ನ, ಯಾರೂ ಮುಟ್ಟದ ಮೊಟ್ಟೆ. ಚಿಗರೆ ಗಲ್ಲಕ್ಕೆ ಪಟ್ಟಿ ಹಾಕಿಸಿಕೊಂಡು ಒಳಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಟೈಲರಮ್ಮ ಗಂಡನ ತಟ್ಟೆಗೆ ಬಡಿಸಿ, ಎದುರಿಗೆ ಕೂತಳು.

"ನೀವು ಹೋದ ಸಲ ಅಲ್ಲೇ ಇದ್ರಿ. ಗೆರೆ ದಾಟಿ ಬಿದ್ದಳು ಅಂದ್ರಿ. ದಾಟಿದ್ಳಾ?"

ಅವನು ಅನ್ನ ಕಲಸುತ್ತಲೇ ಇದ್ದ. ಕಲಸಿದ್ದನ್ನೇ ಕಲಸಿದ.

"ನಿಮ್ಮನ್ನೇ ಕೇಳ್ತಿರೋದು."

"ಇಲ್ಲ."

"ಮತ್ತೆ?"

"ಕಣ್ಣು ಬಿಟ್ಟ ಕೂಡಲೇ ಕೇಳಿದ್ದು ಅದನ್ನೇ ಕಣೇ. ನನ್ನ ಕೈ ಹಿಡ್ಕೊಂಡು ಕೇಳ್ತು. ಮೇಷ್ಟ್ರು ದಾಟಿದೆ ಅಂದ್ರು. ಮಗು ಮುಖ ಅರಳಿತು. ಅಲ್ಲಿ ನಾನು ಇಲ್ಲ ಅನ್ಲಾ?"

"ಅಲ್ಲಿ ಬೇಡ. ಆಸ್ಪತ್ರೇಲಿ ಹೇಳ್ಬೋದಿತ್ತಲ್ಲ. ಪಕ್ಕದಲ್ಲೇ ಕೂತಿದ್ರಿ."

"ಅಷ್ಟು ದೊಡ್ಡ ವಿಷಯ ಅಂತ ಯಾರಿಗೆ ಗೊತ್ತಿತ್ತು? ಗೆರೆಗಿಂತ ಹಿಂದೆ ಬಿದ್ರೇನು, ಮುಂದೆ ಬಿದ್ರೇನು, ಬೀಳೋದು ಬೀಳೋದೇ ಅಂದ್ಕೊಂಡೆ."

"ನಾಳೆ ಹೋಗಿ ಹೇಳ್ತೀನಿ."

"ಆಯ್ಕೆ ಇನ್ನು ಎರಡು ವಾರ ಇದೆ. ಅದು ಮುಗೀಲಿ, ನಾನೇ ಹೇಳ್ತೀನಿ. ಹಾಸ್ಟೆಲಿಗೆ ಸೇರಿದ್ರೆ ಅಲ್ಲಿ ಅವರದ್ದೇ ಡಾಕ್ಟರು ಇರ್ತಾರೆ. ಚೆನ್ನಾಗಿ ನೋಡ್ಕೊಳ್ತಾರೆ."

"ಅಲ್ಲೀವರೆಗೆ?"

"ಮೆಲ್ಲಗೆ ಓಡ್ಲಿ."

"ನಿಮ್ಮ ಮಗಳು ಮೆಲ್ಲಗೆ ಓಡಿದ್ದು ನೋಡಿದ್ದೀರಾ?"

ಅವನ ದನಿ ಏರಿತು. "ನಿಂಗೆ ಅದು ಓಡೋದೇ ಬೇಕಾಗಿಲ್ಲ. ಮೊದಲಿಂದ್ಲೂ ಬೇಕಾಗಿಲ್ಲ. ಈಗ ನೆಪ ಸಿಕ್ತು."

ಟೈಲರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಮಾತು ಪೂರ್ತಿ ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಒಳ್ಳೆಯದು ಬಯಸುವುದು, ಸುಸ್ತಾಗಿರುವುದು, ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಲು ಅವಳಿಗೆ ಬರಲಿಲ್ಲ. ಬಿಸಿ ತುಪ್ಪದ ಗತಿಯಾಯಿತು, ಉಗುಳಲೂ ಆಗದು, ನುಂಗಲೂ ಆಗದು.

ಅಜ್ಜಿ ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದವಳು ಮಗನ ಕಡೆ ತಿರುಗಿದಳು. "ಅಂದ್ರೆ ಹಸಿವಿಗೆ ಬಿದ್ದಿದ್ದಲ್ಲ ಅನ್ನು."

"ಗೊತ್ತಿಲ್ಲಮ್ಮ."

"ನೀನು ಬಾಯಿಬಿಟ್ಟು ಹೇಳಿದ್ರೆ ಗೊತ್ತಾಗ್ತಿತ್ತು. ಬೇಡ ಬೇಡ ಅಂತ ಅದು ಅಂದ್ರೂ ನಾನು ಆ ಕೂಸಿನ ಬಾಯಿಗೆ ಮೊಟ್ಟೆ ತುರುಕಿದೆ. ನಂಗೆ ಶಾಪ ಹಾಕ್ಕೊಂಡು ತಿಂತು." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಳೆ ನೀನೂ ಹೋಗು ಅವಳ ಜೊತೆ. ಬಣ್ಣ ಒಂದು ದಿನ ಕಾಯುತ್ತೆ."

ಮರುದಿನ ಮೂವರೂ ಆಸ್ಪತ್ರೆಗೆ ಹೋದರು. ಹೊರಗಿನ ಬೆಂಚಿನ ಮೇಲೆ ಕೂತಾಗಲೇ ಮಗಳಿಗೆ ಹೇಳಿಬಿಡಬೇಕೆಂದು ಟೈಲರಮ್ಮ ಎರಡು ಸಲ ಬಾಯಿ ತೆರೆದಳು. ಚಿಗರೆ ಆಯ್ಕೆಗೆ ಯಾವ ಬೂಟು ಹಾಕಲಿ ಎಂದು ಅಪ್ಪನನ್ನು ಕೇಳುತ್ತಿದ್ದಳು. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಒಳಗೆ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು.

"ಈ ಸಲವೂ ಗೆರೆ ದಾಟಿದ ಮೇಲೇನೇ," ಎಂದಳು ಚಿಗರೆ.

"ಇಲ್ಲ ಡಾಕ್ಟರೇ," ಎಂದಳು ಟೈಲರಮ್ಮ. "ಓಡ್ತಾ ಇದ್ದಾಗಲೇ ಬಿದ್ದಳು, ತಿರುವಲ್ಲಿ. ನಾನು ನೋಡಿದೆ. ಮೂರು ಸಲವೂ ಹಂಗೇ. ಅವಳಿಗೆ ಗೊತ್ತಿಲ್ಲ. ದಾಟಿದೆ ಅಂತ ನಾವೆಲ್ಲ ಹೇಳಿದ್ವಿ."

ಹುಡುಗಿ ತಾಯಿಯ ಮುಖ ನೋಡಲಿಲ್ಲ. ಅಪ್ಪನ ಮುಖ ನೋಡಿದಳು. ಅವನು ತನ್ನ ಕೈಯ ಬಣ್ಣದ ಕಲೆ ಉಜ್ಜುತ್ತಾ ಕೂತಿದ್ದ. ಆಗ ಅವಳಿಗೆ ಅರ್ಥವಾಯಿತು.

ಡಾಕ್ಟರಮ್ಮ ಆಮೇಲೆ ಸಮಾಧಾನದ ಮಾತು ಆಡಲಿಲ್ಲ. ಓಡುತ್ತಾ ಬೀಳುವುದು ಬೇರೆ, ಅದು ಹೃದಯದ ಬಡಿತದ ವಿಷಯ ಇರಬಹುದು, ದೊಡ್ಡಾಸ್ಪತ್ರೆಯಲ್ಲಿ ಓಡಿಸಿ ಪರೀಕ್ಷೆ ಮಾಡಬೇಕು ಎಂದರು. ಇನ್ನೂ ಹೆಸರು ಹೇಳಲಾರೆ, ಎಷ್ಟು ದಿನವೆಂದೂ ಹೇಳಲಾರೆ, ಆದರೆ ಇವತ್ತಿನಿಂದ ಓಟ ಬಂದ್.

"ಆಯ್ಕೆ ಇದೆ," ಎಂದಳು ಚಿಗರೆ.

"ಇಲ್ಲಮ್ಮ. ನಿನಗೆ ಇಲ್ಲ."

ದೊಡ್ಡಾಸ್ಪತ್ರೆಯಲ್ಲಿ ಯಂತ್ರದ ಪಟ್ಟಿಯ ಮೇಲೆ ಓಡಿಸಿದರು, ಅರ್ಧಕ್ಕೇ ನಿಲ್ಲಿಸಿದರು. ಅಲ್ಲಿಯೂ ಹೆಸರು ಸಿಗಲಿಲ್ಲ. ದಿನಕ್ಕೆರಡು ಮಾತ್ರೆ ಬಂತು, ಇನ್ನಷ್ಟು ಪರೀಕ್ಷೆಗಳಿಗೆ ತಾರೀಖು ಬಂತು. ಮೇಷ್ಟ್ರು ಒಂದು ಸಂಜೆ ಮನೆಗೆ ಬಂದು, ಕೊಟ್ಟ ಚಹಾ ಕುಡಿಯದೆ, ತಪ್ಪಾಯಿತು ಎಂದು ಹುಡುಗಿಗೇ ಹೇಳಿ ಹೋದರು. ಇನ್ನು ಮೇಲೆ ಮೈದಾನದಲ್ಲಿ ಆ ಮಾತು ಯಾರೂ ಆಡಬಾರದು ಎಂದು ಹೇಳಿದ್ದೇನೆ ಎಂದರು. ಚಿಗರೆ, "ಇರ್ಲಿ ಬಿಡಿ ಸಾರ್," ಎಂದಳು.

ತಾಯಿಯ ಜೊತೆ ಮಾತ್ರ ಅವಳಿಗೆ ಮಾತಿಲ್ಲ. ಉಪ್ಪು ಬೇಕಾದರೆ ಅಜ್ಜಿಯನ್ನು ಕೇಳುವಳು. ತಾಯಿ ಬಡಿಸಿದರೆ ತಿನ್ನುವಳು, ಮಾತ್ರೆ ಕೊಟ್ಟರೆ ನುಂಗುವಳು, ಕತ್ತೆತ್ತುವುದಿಲ್ಲ. ಆಯ್ಕೆಯ ದಿನ ಬೆಳಿಗ್ಗೆ ಎದ್ದು ಅಪ್ಪನ ಜೊತೆ ಬಾಗಿಲಲ್ಲಿ ಕೂತು ಬೀದಿ ನೋಡಿದಳು. ಅವನು ಅವತ್ತು ಕೆಲಸಕ್ಕೆ ಹೋಗಲಿಲ್ಲ. ಸತ್ಯ ಹೇಳಿದವಳನ್ನು ಬಿಟ್ಟು ಸುಳ್ಳು ಹೇಳಿದವನ ಪಕ್ಕದಲ್ಲಿ ಕೂತಿದ್ದಾಳಲ್ಲ ಎಂದು ಟೈಲರಮ್ಮನಿಗೆ ಹೊಟ್ಟೆ ಉರಿಯಿತು. ಉರಿ ತೀರಿಸಿಕೊಳ್ಳಲು ಒಗೆಯುವ ಬಟ್ಟೆ ಬೇಕಾದಷ್ಟಿತ್ತು.

ಅದಾದ ಮುಂದಿನ ವಾರ ಒಂದು ಮಧ್ಯಾಹ್ನ. ಅಜ್ಜಿಗೆ ಜೊಂಪು ಹತ್ತಿತ್ತು. ಟೈಲರಮ್ಮ ಕಾಲರು ಹೊಲಿಯುತ್ತಿದ್ದಳು. ಚಿಗರೆ ಬಂದು ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನೀನು ನೋಡಿದ ದಿನ, ಗೆರೆಗೆ ಎಷ್ಟು ದೂರ ಇತ್ತು?"

ಯಂತ್ರ ನಿಂತಿತು. ಸ್ವಲ್ಪವೇ ಎಂದರೆ ಮಗಳ ಮುಖ ಅರಳಬಹುದಿತ್ತು. ಅಷ್ಟು ದಿನದ ಮೇಲೆ ಕೇಳಿದ ಮೊದಲ ಮಾತು ಅದು. ಟೈಲರಮ್ಮನಿಗೆ ಆಗ ಗಂಡನ ಕಷ್ಟ ಗೊತ್ತಾಯಿತು.

"ಬಹಳ ದೂರ ಇತ್ತು ಕಣೆ. ತಿರುವೇ ಮುಗಿದಿರಲಿಲ್ಲ."

"ಅಪ್ಪನ್ನ ಕೇಳಿದ್ದೆ. ಅವರು ನೋಡಿದ ದಿನ ಒಂದು ಮಾರು ಇತ್ತು ಅಂದ್ರು. ಮೇಷ್ಟ್ರು ಎರಡು ಹೆಜ್ಜೆ ಅಂದ್ರು."

"ನಾನು ಅವತ್ತು ಇರಲಿಲ್ಲ."

"ನೀನು ಇದ್ದಿದ್ರೆ ನಿಜ ಹೇಳ್ತಿದ್ದೆ." ಹುಡುಗಿ ನೆಲದ ಮೇಲಿದ್ದ ದಾರದ ತುಂಡುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. "ಇನ್ಮೇಲೆ ನಿನ್ನನ್ನೇ ಕೇಳ್ತೀನಿ."

"ಕೇಳು."

ಚಿಗರೆ ತಲೆಯೆತ್ತಿ ನೇರ ನೋಡಿದಳು. "ನಾನು ಸಾಯ್ತೀನಾ ಅಮ್ಮ?"

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಜಗತ್ತಿನ ಯಾವ ತಾಯಿಯಾದರೂ ಅನ್ನುತ್ತಿದ್ದಳು. ಟೈಲರಮ್ಮ ಎದ್ದು ಬಂದು ಮಗಳ ಪಕ್ಕ ನೆಲದ ಮೇಲೆ ಕೂತಳು. ಮೊಣಕಾಲು ಲಟಕ್ಕೆಂದಿತು.

"ಗೊತ್ತಿಲ್ಲ ಮಗಾ," ಎಂದಳು. "ಡಾಕ್ಟರಿಗೂ ಇನ್ನೂ ಗೊತ್ತಿಲ್ಲ. ಗೊತ್ತಾದ ದಿನ ನಿಂಗೆ ಮೊದಲು ಹೇಳ್ತೀನಿ."

ಹುಡುಗಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಬಿದ್ದ ದಿನದಿಂದ ಮೊದಲ ಬಾರಿಗೆ ಜೋರಾಗಿ ಅತ್ತಳು. ಅಜ್ಜಿಗೆ ಎಚ್ಚರವಾಯಿತು. ಏನಾಯಿತು ಎಂದು ಗಾಬರಿಯಿಂದ ಕೇಳಿದಳು. ಏನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದ ಟೈಲರಮ್ಮ, ಹಾಗೆ ಹೇಳಲಿಲ್ಲ.

"ಹೆದರಿಕೆ ಆಗಿದೆ ಅತ್ತೆ," ಎಂದಳು. "ಇಬ್ಬರಿಗೂ."